ಇಳಿಯದವನು

ಈ ಸಲವೂ ಅವನು ಇಳಿಯಲಿಲ್ಲ.

ಸರ್ವೋತ್ತಮ ರೈಗಳು ಕಡಬದ ಏರಿನಲ್ಲಿ ತಮ್ಮ ಸೈಕಲನ್ನು ದೂಡಿಕೊಂಡು ಬರುತ್ತಿದ್ದರು. ಎದುರಿನಿಂದ ಸೊಸೈಟಿಯ ಗುಮಾಸ್ತ ಸುಂದರ ಬಂದ. ಹಿರಿಯರು ಎದುರಾದರೆ ಸೈಕಲಿನಿಂದ ಇಳಿದು, ನಾಲ್ಕು ಹೆಜ್ಜೆ ನಡೆದು, ಮತ್ತೆ ಹತ್ತುವುದು ಊರಿನ ಮರ್ಯಾದೆ. ಹೆಡ್‌ಮಾಸ್ತರರು ಇಳಿಯುತ್ತಾರೆ, ಪೋಸ್ಟ್‌ಮ್ಯಾನ್ ತೀರ್ಥರಾಮ ಇಳಿಯುತ್ತಾನೆ, ಮೀನಿನ ಬುಟ್ಟಿ ಕಟ್ಟಿಕೊಂಡ ಮಮ್ಮು ಕೂಡ ಅಷ್ಟು ಭಾರ ಸಂಭಾಳಿಸಿಕೊಂಡು ಇಳಿಯುತ್ತಾನೆ. ಈತ ಕೂತಲ್ಲಿಂದಲೇ ಒಂದು ಕೈ ಎತ್ತಿ "ನಮಸ್ಕಾರ" ಅಂದು ಹೋಗಿಯೇಬಿಟ್ಟ. ಚಕ್ರ ಎರಚಿದ ಕೆಸರು ರೈಗಳ ಬಿಳಿ ಮುಂಡಿನ ಮೇಲೆ ಬಿತ್ತು.

"ಥೂ!" ಎಂದು ಉಗುಳಿದರು ರೈಗಳು. ಕೆಸರಿಗಲ್ಲ.

ಆ ಸೈಕಲನ್ನು ಕಂಡರೇ ಅವರಿಗೆ ಆಗುತ್ತಿರಲಿಲ್ಲ. ಮಡ್ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಸ್ಟ್ಯಾಂಡೂ ಇಲ್ಲ. ಪುಕ್ಕ ತರಿದ ಕೋಳಿಯ ಹಾಗೆ ಬೋಳು. ಹ್ಯಾಂಡಲ್ ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿತ್ತು. ಅದರ ಮೇಲೆ ತಲೆ ತಗ್ಗಿಸಿ, ಅಂಡು ಎತ್ತಿ ಕೂರುವ ಆ ಭಂಗಿ! ಊರೆಲ್ಲ ಮುಂಡು ಉಟ್ಟು ಓಡಾಡುವಾಗ ಈ ದೊರೆಗೆ ಅಗಲ ಕಾಲಿನ ಬೆಲ್‌ಬಾಟಮ್ ಪ್ಯಾಂಟು, ಬೂಟು. ಎಡಗಾಲಿನ ಬೂಟನ್ನಂತೂ ಚರ್ಮದ ಬೆಲ್ಟಿನಿಂದ ಪೆಡಲಿಗೇ ಬಿಗಿದುಕೊಂಡಿರುತ್ತಿದ್ದ. ಯಾರೆದುರೂ ಇಳಿಯಬಾರದೆಂದು ಮನೆಯಿಂದಲೇ ಪಣತೊಟ್ಟು ಹೊರಟವನ ಹಾಗೆ.

ಸೈಕಲೊಂದೇ ಆಗಿದ್ದರೆ ರೈಗಳು ನುಂಗಿಕೊಳ್ಳುತ್ತಿದ್ದರೇನೋ. ಸಕ್ಕರೆಗೆಂದು ಸೊಸೈಟಿಗೆ ಹೋದರೆ ಈತ ಎದ್ದು ನಿಲ್ಲಲಿಲ್ಲ. ಕೂತಲ್ಲಿಂದಲೇ ಬೆಂಚು ತೋರಿಸಿದ. ನೆರೆಮನೆಯ ಮದುವೆಯಲ್ಲಿ ಊರಿಗೆ ಊರೇ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿತ್ತು. ಈತ ಬೂಟು ಕಳಚದೆ ಚಪ್ಪರದ ಕಂಬಕ್ಕೆ ಒರಗಿ ಒಂದು ಲೋಟ ಪಾನಕ ಕುಡಿದ. ಪಂಕ್ತಿ ಏಳುವಷ್ಟರಲ್ಲಿ ಹೋಗಿಯಾಗಿತ್ತು. ನೆಲದಲ್ಲಿ ಕೂತರೆ ಪ್ಯಾಂಟಿನ ಇಸ್ತ್ರಿ ಕೆಡುತ್ತದಲ್ಲ! ಊರಿಗೆ ಬಂದು ಇನ್ನೂ ಒಂದು ಮಳೆಗಾಲ ದಾಟಿಲ್ಲ. ಮೊದಲು ಗುಂಡ್ಯದ ಆಚೆ ರೈಲಿನ ಸುರಂಗ ಕೊರೆಯುವಲ್ಲಿ ಮೇಸ್ತ್ರಿಯಾಗಿದ್ದನಂತೆ. ಬಂಡೆ ಒಡೆಸಿದವನಿಗೆ ಮನುಷ್ಯರೂ ಕಲ್ಲಿನ ಹಾಗೇ ಕಾಣುತ್ತಾರೆ ಎಂದುಕೊಂಡರು ರೈಗಳು.

ಇಂಥವನನ್ನು ಅಮ್ಮು ಮದುವೆಯಾಗುತ್ತೇನೆ ಅಂದಿದ್ದಳು.

ಅಮ್ಮು ರೈಗಳ ತಂಗಿಯ ಮಗಳು, ಶಾಲೆಯಲ್ಲಿ ಟೀಚರು. ಅಳಿಯಕಟ್ಟಿನ ಮನೆ, ಸೋದರಮಾವ ಹೂಂ ಅನ್ನದೆ ಮದುವೆಯ ಮಾತಿಲ್ಲ.

"ಮಾವ, ಅವರು ಕೆದಂಬಾಡಿಯ ಒಳ್ಳೆ ಮನೆಯವರು. ಅವರ ವಿಷಯ ನಿಮಗೆ ಪೂರ್ತಿ ಗೊತ್ತುಂಟಾ?"

"ಗೊತ್ತುಂಟು. ಬೇಕಾದ್ದಕ್ಕಿಂತ ಹೆಚ್ಚೇ ಗೊತ್ತುಂಟು. ಇನ್ನೊಂದಕ್ಷರ ಹೇಳ್ಬೇಡ."

"ಗೊತ್ತಿದ್ದೂ ಬೇಡ ಹೇಳುದಾ?"

"ಅವನು ನನ್ನೆದುರು ಒಂದು ಸಲ ಆ ಸೈಕಲಿಂದ ಇಳಿದು, ನೆಲದಲ್ಲಿ ಎರಡೂ ಕಾಲೂರಿ ನಿಲ್ಲಲಿ. ನಾಳೆಯೇ ಧಾರೆ ಎರೆದು ಕೊಡ್ತೇನೆ."

ಅಮ್ಮು ಕೆನ್ನೆಗೆ ಹೊಡೆಸಿಕೊಂಡವಳಂತೆ ಅವರನ್ನು ನೋಡಿದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ಸೈಕಲನ್ನು ಕಟ್ಟಿಕೊಟ್ಟವನು ಪೇಟೆಯ ಸೈಕಲ್ ಶಾಪಿನ ಮೊಯ್ದಿನಬ್ಬ. ರೈಗಳು ಅವನ ಮೇಲೂ ಹರಿಹಾಯ್ದರು.

"ಫ್ರೀವೀಲ್ ತೆಗೆದು ಹಲ್ಲಿನ ಚಕ್ರವನ್ನೇ ಗಟ್ಟಿ ಬೆಸುಗೆ ಹಾಕಿದ್ದು, ಧನಿ," ಅಂದ ಮೊಯ್ದಿನಬ್ಬ. "ಇದರಲ್ಲಿ ಪೆಡಲ್ ಸುಮ್ಮನೆ ನಿಲ್ಲುದೇ ಇಲ್ಲ. ಚಕ್ರ ತಿರುಗಿದಷ್ಟು ಹೊತ್ತು ಅದೂ ತಿರುಗ್ತದೆ. ಕಾಲನ್ನು ಅದೇ ಎತ್ತಿ ಕೊಂಡುಹೋಗ್ತದೆ. ಅವರು ಹಾಗೆಯೇ ಬೇಕು ಅಂದ್ರು."

"ಕಾಲು ಎತ್ತಲಿಕ್ಕೂ ಉದಾಸೀನವಾ ಆ ಬೇವರ್ಸಿಗೆ?"

"ಅಲ್ಲ ಧನಿ, ಅವರಿಗೆ..."

"ಅವನ ವಕಾಲತ್ತು ನೀನು ಮಾಡ್ಬೇಡ!"

ಮೊಯ್ದಿನಬ್ಬ ಸ್ಪ್ಯಾನರ್ ಎತ್ತಿಕೊಂಡ. ರೈಗಳ ಎದುರು ಹೇಳಬೇಕಾದ್ದನ್ನು ಹೇಳಿ ಮುಗಿಸಿದವರು ಆ ಊರಿನಲ್ಲಿ ಯಾರೂ ಇರಲಿಲ್ಲ.

ಮರುದಿನ ಸೊಸೈಟಿ ಮುಚ್ಚುವ ಹೊತ್ತಿಗೆ ರೈಗಳು ಇಳಿಜಾರಿನ ತಿರುವಿನಾಚೆ ಎರಡು ಕಲ್ಲುಗಳ ಮೇಲೆ ರಸ್ತೆಗೆ ಅಡ್ಡವಾಗಿ ಒಂದು ಬಿದಿರಿನ ಗಳು ಇಡಿಸಿದರು. ಅದನ್ನು ಸರಿಸಬೇಕಾದರೆ ಎಂಥ ಅಹಂಕಾರಿಯೂ ಇಳಿಯಲೇಬೇಕು. ಮಡಿಸಿಟ್ಟ ಹೊಸ ಮುಂಡು ತೆಗೆದು ಉಟ್ಟು, ಗಳುವಿನಾಚೆ ಎದೆಯುಬ್ಬಿಸಿ ನಿಂತರು. ನಮಸ್ಕಾರ ಸ್ವೀಕರಿಸಲು ತಯಾರಾಗಿ.

ಸುಂದರ ತಿರುವು ದಾಟಿದ. ಇಳಿಜಾರಿನಲ್ಲಿ ಪೆಡಲುಗಳು ಹುಚ್ಚು ಹಿಡಿದಂತೆ ಸುತ್ತುತ್ತಿದ್ದವು. ಅಷ್ಟು ವೇಗ ಇರುತ್ತದೆಂದು ರೈಗಳು ಎಣಿಸಿರಲಿಲ್ಲ.

"ಗಳು ತೆಗೀರಿ! ದಮ್ಮಯ್ಯ, ತೆಗೀರಿ!"

"ಇಳಿ!" ರೈಗಳು ಅಬ್ಬರಿಸಿದರು. "ಮೊದಲು ಇಳಿ!"

ಬ್ರೇಕು ಕಿರುಚಿತು. ಮುಂದಿನ ಚಕ್ರ ಗಳುವಿಗೆ ಬಡಿಯಿತು. ಸೈಕಲ್ ಪಲ್ಟಿ ಹೊಡೆದು ರಸ್ತೆ ಬದಿಯ ಮಣ್ಣಿನ ದಿಬ್ಬಕ್ಕೆ ಒರಗಿ ತಲೆಕೆಳಗಾಗಿ ನಿಂತಿತು. ಸುಂದರ ಈಚೆ ಬದಿಯ ಚರಂಡಿಯ ಹುಲ್ಲಿನ ಮೇಲೆ ಬಿದ್ದ.

ಪೆಟ್ಟು ಹೆಚ್ಚೇನೂ ಆಗಿರಲಿಲ್ಲ. ಕೈಯೂರಿ ಎದ್ದು ಕೂತ. ಮುಖಕ್ಕೆ ಚರಂಡಿಯ ಕೆಸರು ಮೆತ್ತಿತ್ತು. ರೈಗಳಿಗೆ ಹೇಸಿಗೆಯೂ ಆಯಿತು, ಖುಷಿಯೂ ಆಯಿತು. ಕೊನೆಗೂ ನೆಲಕ್ಕೆ ಬಂದ!

"ಇಳಿದೆಯಲ್ಲ ಈಗ? ಏಳು. ಎದ್ದು ನಿಂತು ನಮಸ್ಕಾರ ಮಾಡು."

"ಮಾಡ್ತೇನೆ ಮಾರಾಯ್ರೆ," ಎಂದ ಸುಂದರ ಮೆಲ್ಲಗೆ. ಸೈಕಲಿನತ್ತ ಕೈ ತೋರಿಸಿದ. "ಅದೊಂದನ್ನು ಇತ್ತ ತಂದುಕೊಡ್ತೀರಾ?"

ರೈಗಳು ತಿರುಗಿ ನೋಡಿದರು. ಹಿಂದಿನ ಚಕ್ರ ಇನ್ನೂ ತಿರುಗುತ್ತಿತ್ತು, ಅದರೊಂದಿಗೆ ಪೆಡಲೂ. ಪೆಡಲಿಗೆ ಬಿಗಿದ ಬೂಟಿನಲ್ಲಿ, ಮೊಣಕಾಲಿನವರೆಗಿನ ಮರದ ಕಾಲೊಂದು ಒಂದೇ ಸಮನೆ ಸೈಕಲ್ ತುಳಿಯುತ್ತಿತ್ತು.