ಕವರಿನೊಳಗಿನ ಬಾವುಟ

ಗಣೇಶಮೂರ್ತಿ ಹಗ್ಗ ಜಗ್ಗಿದರು. ಕಂಬದ ತುದಿಯಲ್ಲಿದ್ದ ಬಾವುಟ ಬಿಚ್ಚಿಕೊಳ್ಳಲಿಲ್ಲ. ಬಿಚ್ಚಿಕೊಳ್ಳುವುದಾದರೂ ಹೇಗೆ? ಹೊಸನಗರದ ಆಗಸ್ಟ್ ಮಳೆಗೆ ನೆನೆದೀತೆಂದು ಬಡಾವಣೆ ಸಂಘದ ಈ ಅಧ್ಯಕ್ಷರೇ ನಿನ್ನೆ ಸಂಜೆ ಅದನ್ನು ಹೂವಿನ ಪಕಳೆ ಸಮೇತ ಪ್ಲಾಸ್ಟಿಕ್ ಕವರಿಗೆ ತುರುಕಿ, ಬಿಗಿಯಾಗಿ ಕಟ್ಟಿ ಮೇಲೇರಿಸಿದ್ದರು. ಬೆಳಿಗ್ಗೆ ಕವರು ತೆಗೆಯುವುದು ಮರೆತೇಹೋಗಿತ್ತು. ಈಗ ಕಂಬದ ಮೇಲೆ 'ಮದುವೆ ಸೀರೆಗಳಿಗೆ ವಿಶೇಷ ರಿಯಾಯಿತಿ' ಎಂದು ದೊಡ್ಡ ಅಕ್ಷರದಲ್ಲಿ ಬರೆದ ಕವರು ನೇತಾಡುತ್ತಿತ್ತು.

ಮೊಬೈಲು ಹಿಡಿದು ಫೋಟೋ ತೆಗೆಯುತ್ತಿದ್ದ ತನುಜಾ ಸುತ್ತ ನೋಡಿದಳು. ಕವರು ಎಲ್ಲರಿಗೂ ಕಾಣುತ್ತಿತ್ತು. ಒಬ್ಬರಾದರೂ ಬಾಯಿ ಬಿಡಬೇಕಲ್ಲ! ಬ್ಯಾಡ್ಜು ಚುಚ್ಚಿಕೊಂಡ ದೇಶಭಕ್ತರೆಲ್ಲ ಸೀರೆ ಅಂಗಡಿಯ ಕವರಿಗೆ ಎದೆಯುಬ್ಬಿಸಿ ಸಲ್ಯೂಟು ಹೊಡೆದು, ರಾಷ್ಟ್ರಗೀತೆ ಶುರುಮಾಡಿಯೇಬಿಟ್ಟರು.

ತನುಜಾಳ ಅಮ್ಮ ಹೂವಮ್ಮ ಮಾತ್ರ ಮಂಡಿ ಹಿಡಿದುಕೊಂಡು ಬೆಂಚಿನ ಮೇಲೆ ಕೂತಿದ್ದಳು. ಗಣೇಶಮೂರ್ತಿ ಹಾಡು ನಿಲ್ಲಿಸಿ ಗದರಿದರು: "ಎದ್ದೇಳಿ! ದೇಶಕ್ಕಿಂತ ನಿಮ್ಮ ಮಂಡಿ ದೊಡ್ದಾ?" ಅಮ್ಮ ಮಗಳ ಹೆಗಲು ಹಿಡಿದು ಎದ್ದಳು. ಕಾಲು ನಡುಗುತ್ತಿದ್ದರೂ ಕೊನೆಯ ಜಯಹೇವರೆಗೂ ನಿಂತಳು.

ಮುಗಿದದ್ದೇ ತಡ, ಗಣೇಶಮೂರ್ತಿ ಓಡಿಬಂದು ಮೊಬೈಲಿನೊಳಗೆ ಇಣುಕಿದರು. ಫೋಟೋದಲ್ಲಿ ಅವರ ತಲೆಯ ಮೇಲೆಯೇ ಕವರು ಎದ್ದು ಕಾಣುತ್ತಿತ್ತು. "ಬಾವುಟ ಬಿಚ್ಚೇ ಇಲ್ಲ ಸಾರ್," ಎಂದಳು ತನುಜಾ. ಈಗಲಾದರೂ ನಾಚಿಕೆಯಾದೀತೆಂದು ಅವರ ಮುಖವನ್ನೇ ನೋಡಿದಳು.

"ಅದಕ್ಕೇನು, ಮೇಲಿಂದು ಕಟ್ ಮಾಡಿ ಗ್ರೂಪಿಗೆ ಹಾಕಮ್ಮ," ಎಂದರು ಅವರು. "ನನ್ನ ಸಲ್ಯೂಟು ಚೆನ್ನಾಗಿ ಬಂದಿದ್ಯಲ್ಲ, ಸಾಕು."