ಹತ್ತನೆಯ ಮಗು

ಹತ್ತನೆಯ ಕುರ್ಚಿಯ ಹಿಂದೆ ಬಂದು ಅಧಿಕಾರಿ ನಿಂತೇಬಿಟ್ಟರು.

"ಈ ಹುಡುಗಿ ಹೊಸಬಳಾ?"

"ಹೌದು ಸರ್, ಹೋದ ವಾರ ಸೇರಿದ್ದು," ಎಂದಳು ಮುಖ್ಯೋಪಾಧ್ಯಾಯಿನಿ. ಆ ಹುಡುಗಿ ಅವಳ ಸ್ವಂತ ಮಗಳು.

ಬೇರೆ ದಾರಿಯಾದರೂ ಏನಿತ್ತು? ಕಿವುಡ ಮಕ್ಕಳ ಖಾಸಗಿ ಶಾಲೆಗೆ ಸರ್ಕಾರದ ಮಾನ್ಯತೆ ಬೇಕೆಂದರೆ ಕಡಿಮೆಯೆಂದರೂ ಹತ್ತು ಮಕ್ಕಳಿರಬೇಕು. ಒಂದು ಮಗು ಊರು ಬಿಟ್ಟು ಹೋಗಿ ಒಂಬತ್ತಾಗಿತ್ತು. ಮಾನ್ಯತೆ ತಪ್ಪಿದರೆ ಬಾಗಿಲಿಗೆ ಬೀಗ. ಆ ಒಂಬತ್ತು ಮಕ್ಕಳನ್ನು ಸೇರಿಸಿಕೊಳ್ಳುವ ಬೇರೆ ಶಾಲೆ ಸುತ್ತಮುತ್ತ ಎಲ್ಲೂ ಇರಲಿಲ್ಲ.

ಹಾಗಾಗಿ ಬೆಳಿಗ್ಗೆ ಮಗಳನ್ನು ಮುಂದೆ ಕೂರಿಸಿಕೊಂಡು ಜಡೆ ಹೆಣೆಯುತ್ತ ಎಲ್ಲ ಹೇಳಿಕೊಟ್ಟಿದ್ದಳು. ಯಾರು ಕರೆದರೂ ತಿರುಗಬೇಡ, ಏನು ಸದ್ದಾದರೂ ಬೆಚ್ಚಬೇಡ, ಒಂದು ಗಂಟೆ ಕಿವುಡಿಯಂತಿರು. ಮಗಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅದೇನೂ ಹೊಸದಲ್ಲ. ವರ್ಷದಿಂದೀಚೆಗೆ ಮನೆಯಲ್ಲಿ ಅವಳ ಹೆಸರೇ ಮೊಂಡಿ ಎಂದಾಗಿತ್ತು. ಊಟಕ್ಕೆ ಕರೆದರೂ ಬರುವವಳಲ್ಲ. ಎದುರಿಗೆ ಹೋಗಿ ನಿಂತು ಗದರಿದರೆ ಮಾತ್ರ ಏಳುತ್ತಿದ್ದಳು. ಮುದ್ದು ಜಾಸ್ತಿಯಾಯಿತು ಎಂದು ಅಜ್ಜಿ ದಿನಾ ಗೊಣಗುತ್ತಿದ್ದಳು.

"ಬಾಡಿಗೆಗೆ ಮಕ್ಕಳನ್ನ ತಂದು ಕೂರಿಸೋರನ್ನ ಬೇಕಾದಷ್ಟು ನೋಡಿದ್ದೀನಿ," ಎಂದರು ಅಧಿಕಾರಿ. ಮೇಜಿನ ಮೇಲಿದ್ದ ಸ್ಟೀಲ್ ತಟ್ಟೆ ಎತ್ತಿ, ಹುಡುಗಿಯ ಬೆನ್ನ ಹಿಂದೆ ನೆಲಕ್ಕೆ ಬಿಟ್ಟರು.

ಕಿಟಕಿಯಲ್ಲಿದ್ದ ಪಾರಿವಾಳಗಳು ಹಾರಿಹೋದವು. ಮಗಳು ಮಾತ್ರ ಚಿತ್ರಕ್ಕೆ ಬಣ್ಣ ಹಚ್ಚುತ್ತಲೇ ಇದ್ದಳು. ಅಬ್ಬಾ, ಆ ಮೊಂಡುತನವೂ ಕೊನೆಗೆ ಒಂದು ಉಪಕಾರಕ್ಕೆ ಬಂತಲ್ಲ!

ಅಧಿಕಾರಿಯ ದನಿ ಮೆತ್ತಗಾಯಿತು. ಸಹಿ ಹಾಕಿದರು. ಆದರೆ ಈ ಮಗುವಿನ ಕಿವಿ ಪರೀಕ್ಷೆ ಮಾಡಿಸಿ ವೈದ್ಯರ ಪ್ರಮಾಣಪತ್ರವನ್ನು ತಿಂಗಳೊಳಗೆ ಕಳಿಸಬೇಕು, ಇಲ್ಲದಿದ್ದರೆ ಮಾನ್ಯತೆ ರದ್ದು ಎಂದು ಹೇಳಿ ಹೊರಟರು.

ಆಕೆ ಬಾಗಿಲಲ್ಲೇ ನಿಂತಳು. ಒಂದು ಸುಳ್ಳಿನಿಂದ ಪಾರಾಗಿ ಇನ್ನೊಂದಕ್ಕೆ ಸಿಕ್ಕಿಬಿದ್ದಾಗಿತ್ತು. ಚೆನ್ನಾಗಿರುವ ಮಗುವನ್ನು ಕಿವುಡಿ ಎಂದು ಬರೆದುಕೊಡುವ ವೈದ್ಯರನ್ನು ಎಲ್ಲಿಂದ ಹುಡುಕಿ ತರುವುದು?

ಅಧಿಕಾರಿಯ ಕಾರು ಗೇಟು ದಾಟಿತು.

"ಸಾಕು ಕಣೇ, ಹೋದ್ರು. ತಿರುಗು ಇನ್ನ," ಎಂದಳು. ಮಗಳು ತಿರುಗಲಿಲ್ಲ. ತಾಯಿಗೆ ನಗು ಬಂತು. ನಾಟಕ ಸಾಕು ಎನ್ನುತ್ತ ಹತ್ತಿರ ಹೋಗಿ ಹೆಗಲು ಮುಟ್ಟಿದಳು.

ಮಗಳು ಬೆಚ್ಚಿಬಿದ್ದು ತಿರುಗಿದಳು. ತಾಯಿಯ ತುಟಿಗಳನ್ನೇ ನೋಡುತ್ತ ಕೇಳಿದಳು.

"ಅಮ್ಮ, ಇವತ್ತು ನನ್ನನ್ನ ಯಾಕೆ ಇಲ್ಲಿ ಕೂರಿಸಿದ್ದು? ನೀನು ಹೇಳ್ಲೇ ಇಲ್ಲ."