ಹದಿನಾಲ್ಕು ಲೈಬ್ರರಿ, ಒಂದು ಆರ್ಡರು

“ಅಕ್ಕಾ, ಆರಿಸಿಬಿಟ್ಟೆ!”

ಹೆರಿಗೆ ವಾರ್ಡಿನಿಂದ ಕೂಸನ್ನು ಎತ್ತಿ ತಂದವನ ಹಾಗೆ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹಿಡಿದು ತಮ್ಮ ಒಳಗೆ ಬಂದಾಗ, ಅಕ್ಕ ಖಾಲಿ ಟ್ರೇಗಳನ್ನು ತೊಳೆದು ಬೋರಲು ಹಾಕುತ್ತಿದ್ದಳು. ಕಟ್ಟುಹಲ್ಲು ಮಾಡುವ ಆ ಒಂದೂವರೆ ಕೋಣೆಯ ಲ್ಯಾಬಿನಲ್ಲಿ ಮೇಣದ ವಾಸನೆ ಕೂಡ ಹಳಸಿತ್ತು. ಅಚ್ಚುಗಳ ಕಪಾಟು ಖಾಲಿ ಇದ್ದದ್ದು ನೋಡಿ ತಮ್ಮನ ಮುಖ ಸಣ್ಣಗಾಯಿತು. “ಅವರೂ...?”

“ಅವರೂ. ಬೆಳಿಗ್ಗೆ ಅಟೆಂಡರ್ ಬಂದು ಎಲ್ಲಾ ದವಡೆ ಅಚ್ಚುಗಳನ್ನೂ ರಟ್ಟಿನ ಡಬ್ಬಕ್ಕೆ ತುಂಬ್ಕೊಂಡು ಹೋದ. ಒಂಬತ್ತು ಡಾಕ್ಟರಲ್ಲಿ ಒಬ್ರು ಉಳಿದಿದ್ರು, ಈಗ ಲೆಕ್ಕ ಸಲೀಸು.”

ಏಳು ತಿಂಗಳ ಹಿಂದೆ ಡಾಕ್ಟರುಗಳು ಗೊಣಗಲು ಶುರು ಮಾಡಿದ್ದರು: ದೊಡ್ಡ ಲ್ಯಾಬಿಗೆ ಮೊಬೈಲಿನಲ್ಲೇ ಆರ್ಡರು ಹಾಕಬಹುದು, ನಿಮಗೆ ಮಾತ್ರ ಫೋನಿನಲ್ಲಿ ‘ಮೇಲಿನ ಹಲ್ಲಮ್ಮಾ, ಕೆಳಗಿಂದಲ್ಲ’ ಅಂತ ಕಿರುಚಬೇಕು. “ನಾಲ್ಕು ದಿನ ಕೊಡು. ಡಾಕ್ಟರು ಅಲ್ಲಿ ಬರೆದ್ರೆ ಚೀಟಿ ಇಲ್ಲಿ ನಿನ್ನ ಪ್ರಿಂಟರಲ್ಲಿ ಬೀಳತ್ತೆ,” ಎಂದಿದ್ದ ತಮ್ಮ. ಲಿಸ್ಪ್ ಎಂಬ ಹಳೇ ಮನೆತನಕ್ಕೆ ಸೇರಿದ, ಸಾಲು ತುಂಬ ( ) ಕಂಸಗಳೇ ಇರುವ ಅವನ ಮುದ್ದಿನ ಕಂಪ್ಯೂಟರ್ ಭಾಷೆಯಲ್ಲೇ ಬರೆಯಬೇಕು, ಅದೊಂದು ಹಟ. ಬೇಕಾಗಿದ್ದದ್ದು ಪರರು ಬರೆದಿಟ್ಟ ಎರಡೇ ಎರಡು ಕೋಡಿನ ಗಂಟು, ಅಂದರೆ ಲೈಬ್ರರಿ: ವೆಬ್ಬಿನಿಂದ ಆರ್ಡರು ಇಸಕೊಳ್ಳಲು ಒಂದು, ಕಂಪ್ಯೂಟರಿನ ಶೆಲ್ ಎಂಬ ಕಿಂಡಿಯ ಮೂಲಕ ಪ್ರಿಂಟರಿಗೆ ‘ಹೊಡಿ’ ಎಂದು ಅಪ್ಪಣೆ ಕೊಡಲು ಇನ್ನೊಂದು. ಸಿಕ್ಕಿದ್ದು ಹದಿನಾಲ್ಕು. ಅಳೆದೂ ಸುರಿದೂ ಏಳು ತಿಂಗಳು ಹೋದವು, ಡಾಕ್ಟರುಗಳೂ ಹೋದರು.

“ಕೊನೆಗೆ ಯಾವ ವರ ಒಪ್ಪಿಗೆ ಆಯ್ತಪ್ಪಾ?” ಎಂದ ಅಕ್ಕ, ಮೂಗು ಹಿಡಿದು ಅವನದೇ ದನಿ ತೆಗೆದಳು. “‘ಇವನು ಲಕ್ಷಣವಾಗಿದಾನೆ ಅಕ್ಕಾ, ಆದ್ರೆ ಹೆತ್ತವನು ಮೂರು ವರ್ಷದಿಂದ ನಾಪತ್ತೆ. ಇವನು ಗಟ್ಟಿ, ಆದ್ರೆ ಹದಿನೇಳು ಜನ ನೆಂಟರನ್ನ ಕಟ್ಕೊಂಡೇ ಮನೆಗೆ ಬರ್ತಾನೆ. ಇವನು ಹೇಳಿದ್ದೆಲ್ಲ ಮಾಡ್ತಾನೆ, ಕೆಲಸ ಆಯ್ತೋ ಕೆಟ್ಟಿತೋ ಅಂತ ಮಾತ್ರ ಬಾಯಿ ಬಿಡಲ್ಲ!’ ಲೋ, ಒಬ್ಬ ಕಂಸನ ಜೊತೆ ಹುಟ್ಟಿದ್ದಕ್ಕೇ ದೇವಕಿ ಜೈಲು ಸೇರಿದ್ಲು. ನನ್ನ ತಮ್ಮನ ಭಾಷೇಲಿ ಸಾಲಿಗೆ ಹತ್ತು ಕಂಸ. ನನ್ನ ಗತಿ ಏನು?”

ತಮ್ಮ ನಗಲು ನೋಡಿದ, ಆಗಲಿಲ್ಲ. ಅಕ್ಕ ಕೈ ಒರೆಸಿಕೊಂಡಳು. “ದೊಡ್ಡ ಲ್ಯಾಬಿನವರು ಪಾಲಿಶ್ ಕೆಲಸಕ್ಕೆ ಕರೆದಿದಾರೆ ಕಣೋ. ಇಪ್ಪತ್ತೆರಡು ವರ್ಷ ಹಲ್ಲು ಕಟ್ಟಿದವಳು ಇನ್ನೊಬ್ರು ಕಟ್ಟಿದ್ದನ್ನ ಉಜ್ಜಬೇಕು. ಐದು ಗಂಟೆಗೆ ಫೋನ್ ಮಾಡಿ ಹೇಳ್ತೀನಿ ಅಂದಿದೀನಿ. ಅಷ್ಟರಲ್ಲಿ ಒಂದಾದ್ರೂ ಆರ್ಡರ್ ಬಂದ್ರೆ, ಬರಲ್ಲ ಅಂತೀನಿ. ಕೂತ್ಕೋ, ಮಾಡು.”

ಹನ್ನೊಂದಕ್ಕೆ ಕೂತವನು ಎರಡಕ್ಕೆ ಎದ್ದ. ನಲವತ್ತಾರು ಸಾಲು. ಏಳು ತಿಂಗಳು ಆರಿಸಿದ ಅಕ್ಕಿ ಮೂರು ಗಂಟೆಯಲ್ಲಿ ಬೆಂದಿತ್ತು. ಆ ನಾಚಿಕೆಯನ್ನು ನುಂಗಿಕೊಂಡು ಒಂಬತ್ತೂ ಡಾಕ್ಟರಿಗೆ ಪುಟದ ವಿಳಾಸ ಕಳಿಸಿದ. ಒಬ್ಬರು ಹೆಬ್ಬೆರಳು ಎತ್ತಿದರು, ಇನ್ನೊಬ್ಬರು ‘ಒಳ್ಳೆಯದಾಗಲಿ’ ಎಂದರು, ಉಳಿದವರು ನೋಡಿದರು, ಅಷ್ಟೆ. ಅಕ್ಕ ಸ್ಟೂಲು ಎಳೆದುಕೊಂಡು ಪ್ರಿಂಟರಿನ ಮಗ್ಗುಲಲ್ಲಿ ಕೂತಳು, ಹಾಲು ಉಕ್ಕೀತೆಂದು ಒಲೆ ಕಾಯುವವಳ ಹಾಗೆ. ಮೂರಾಯಿತು. ನಾಲ್ಕಾಯಿತು. “ಪೇಪರ್ ಇದೆಯೇನೋ?” ಎಂದು ಎರಡು ಸಲ ಕೇಳಿ, ಎರಡು ಸಲ ತಾನೇ ನೋಡಿದಳು.

ನಾಲ್ಕೂವರೆಗೆ ತಮ್ಮನ ತಲೆಯಲ್ಲಿ ಒಂದು ಆಸೆ ಮಿಣುಕಿತು: ಎಲ್ಲೋ ಕೆಟ್ಟಿರಬೇಕು! ಯಾವನೋ ಪರಊರಿನವನು ಬರೆದ ಲೈಬ್ರರಿ, ಕೈ ಕೊಟ್ಟಿರಬೇಕು. ಡಾಕ್ಟರುಗಳು ಪಾಪ ಆರ್ಡರು ಹಾಕುತ್ತಲೇ ಇದ್ದಾರೆ, ಇಲ್ಲಿ ಬೀಳುತ್ತಿಲ್ಲ, ಅಷ್ಟೆ. ಸದ್ದಿಲ್ಲದೆ ಎದ್ದು ಹೊರಗಿನ ಮೆಟ್ಟಿಲ ಮೇಲೆ ಕೂತು, ಫೋನಿನಲ್ಲಿ ಪುಟ ತೆರೆದು ತುಂಬಿದ. ಡಾಕ್ಟರ ಹೆಸರು: ಟೆಸ್ಟ್. ರೋಗಿ: ಟೆಸ್ಟ್. ಬೇಕಾದದ್ದು: ಪೂರ್ತಿ ಸೆಟ್. ‘ದೇವರೇ, ಪ್ರೋಗ್ರಾಂ ಓಡದೇ ಇರಲಿ’ ಎಂದು ಬೇಡಿಕೊಂಡು ಗುಂಡಿ ಒತ್ತಿದ ಪ್ರೋಗ್ರಾಮರು ಲೋಕದಲ್ಲಿ ಅವನೊಬ್ಬನೇ ಇದ್ದಾನು.

ಒಳಗೆ ಪ್ರಿಂಟರು ಕಿರುಗುಟ್ಟಿತು. ಸ್ಟೂಲು ಉರುಳಿದ ಸದ್ದು.

“ಬಂತು ಕಣೋ! ಎಲ್ಲಿ ಹಾಳಾಗಿ ಹೋದ್ಯೋ, ಬಾರೋ, ಬಂತು!”

ಅವನು ಬಾಗಿಲಿಗೆ ಬರುವಷ್ಟರಲ್ಲಿ ಅಕ್ಕ ಚೀಟಿಯನ್ನು ಮಾರುದ್ದ ದೂರ ಹಿಡಿದು, ಇನ್ನೊಂದು ಕೈಯಲ್ಲಿ ಕನ್ನಡಕಕ್ಕೆ ಮೇಜು ತಡಕುತ್ತಿದ್ದಳು. “ಪೂರ್ತಿ ಸೆಟ್ ಅಂತಿದೆ ಕಣೋ! ಮೇಲಿಂದೂ ಕೆಳಗಿಂದೂ!” ಅವಳ ಮುಖದಲ್ಲಿ ಅಷ್ಟು ಬೆಳಕು ಅವನು ಕಂಡು ಎಷ್ಟು ದಿನವಾಗಿತ್ತೋ. ಕೈಯಲ್ಲಿದ್ದ ಫೋನನ್ನು ಬೆನ್ನ ಹಿಂದೆ ಮರೆಮಾಡಿದ. ಕನ್ನಡಕ ಸಿಕ್ಕಿತು.

ಅಕ್ಕ ಚೀಟಿಯನ್ನು ಒಂದು ಸಲ ಓದಿದಳು. ತುಟಿ ಆಡಿಸುತ್ತ ಇನ್ನೊಂದು ಸಲ ಓದಿದಳು: ಟೆಸ್ಟ್, ಟೆಸ್ಟ್. ಆಮೇಲೆ ಅದನ್ನು ಆರ್ಡರುಗಳ ಮೊಳೆಗೆ ಸಿಕ್ಕಿಸಿ, ಮೇಣ ಕಾಯಿಸುವ ಉರಿ ಹಚ್ಚಿ, ಹಲ್ಲುಗಳ ಡ್ರಾಯರು ಎಳೆದು ಕೂತಳು.

“ಹಲ್ಲಿನ ಬಣ್ಣ ಯಾವುದು ಅಂತ ಬರೆದೇ ಇಲ್ವಲ್ಲೋ,” ಎಂದಳು, ತಿರುಗಿ ನೋಡದೆ. “ಕೇಳಿ ಹೇಳು.”